ಎರಡು ಚಕ್ರದ್ದನ್ನೇ ತೊಗೋ

ಮಾರ್ಚ್ 3

ಪ್ರೀತಿಯ ಮಾವನಿಗೆ ನಿಮ್ಮ ಬೆಂಕಿಪೊಟ್ಟಣದ ನಮಸ್ಕಾರ.

ಫೋನಿನಲ್ಲಿ ನಿಮಗೆ ಅರ್ಧ ಮಾತು ಕೇಳಿಸುವುದಿಲ್ಲ, ಕೇಳಿಸಿದ ಇನ್ನರ್ಧಕ್ಕೆ ನೀವು ಉತ್ತರ ಕೊಡುವುದಿಲ್ಲ. ಹಾಗಾಗಿ ಕಾಗದವೇ ವಾಸಿ. ವಿಷಯ ಇಷ್ಟೇ. ಸಂಸ್ಥೆಯವರು ನನ್ನನ್ನು ಒಪ್ಪಿಕೊಂಡಿದ್ದಾರೆ. ಇದೇ 27ಕ್ಕೆ ನನ್ನ ಮೊದಲ ಪ್ರಯಾಣ. ಒಂದು ದೇಶದಲ್ಲಿ ದಾನಿ ಕೊಟ್ಟ ಮೂಳೆಮಜ್ಜೆಯನ್ನು ತಂಪುಪೆಟ್ಟಿಗೆಯಲ್ಲಿಟ್ಟುಕೊಂಡು ಇನ್ನೊಂದು ದೇಶದ ಆಸ್ಪತ್ರೆಗೆ ಮುಟ್ಟಿಸಬೇಕು. ನೀವು ಹದಿನಾಲ್ಕು ಸಲ ಮಾಡಿದ ಕೆಲಸ. ಅಮ್ಮನಂತೂ ಸಿಕ್ಕಿದವರಿಗೆಲ್ಲ “ನನ್ನ ತಮ್ಮ ಹದಿನಾಲ್ಕು ಜೀವ ಉಳಿಸಿದ, ಈಗ ಮಗಳ ಸರದಿ” ಎಂದು ಡಂಗುರ ಹೊಡೆಯುತ್ತಿದ್ದಾಳೆ.

ತರಬೇತಿಯಲ್ಲಿ ಎಲ್ಲ ಹೇಳಿಕೊಟ್ಟರು. ಪೆಟ್ಟಿಗೆ ಕಣ್ಣಿಂದ ಮರೆಯಾಗಬಾರದು. ಗಂಟೆಗೊಮ್ಮೆ ಒಳಗಿನ ಉಷ್ಣತೆ ನೋಡಿ ಹಾಳೆಯಲ್ಲಿ ಬರೆಯಬೇಕು, ಎರಡರಿಂದ ಎಂಟು ಡಿಗ್ರಿಯೊಳಗೆ ಇರಬೇಕು. ನಿದ್ದೆ ಮಾಡುವ ಹಾಗಿಲ್ಲ. ಆದರೆ ನಮ್ಮ ಸ್ವಂತ ಬಟ್ಟೆಬರೆಗೆ ಎಂಥ ಬ್ಯಾಗು ಅಂತ ಯಾರೂ ಹೇಳಲಿಲ್ಲ. ಲಗೇಜಿಗೆ ಹಾಕುವಂತಿಲ್ಲ, ಬೆಲ್ಟಿನ ಮುಂದೆ ಕಾಯುವಷ್ಟು ಹೊತ್ತಿಲ್ಲ. ವಿಮಾನದೊಳಗೇ ಒಯ್ಯುವ ಪುಟ್ಟ ಟ್ರಾಲಿ ಬ್ಯಾಗು ಬೇಕು.

ನಿನ್ನೆ ಅಂಗಡಿಗೆ ಹೋಗಿದ್ದೆ. ಕನ್ನಡಕದ ಗಾಜು ಉಜ್ಜುವವಳ ಕೈಗೆ ಟೇಪು ಕೊಟ್ಟರೆ ಕೇಳಬೇಕೆ! ಐವತ್ತೈದು, ನಲವತ್ತು, ಇಪ್ಪತ್ತು ಸೆಂಟಿಮೀಟರು, ಚಕ್ರ ಸೇರಿಸಿ ಅಳೆದೆ. ಅಂಗಡಿಯವನು ಸುಸ್ತಾಗಿ ಸ್ಟೂಲ್ ಹಾಕಿಕೊಂಡು ಕೂತ. ಕೊನೆಗೆ ಒಂದು ಕೆಂಪು ಬ್ಯಾಗು ಮನಸ್ಸಿಗೆ ಬಂತು. ನಾಲ್ಕು ಚಕ್ರ, ಒಂದೊಂದೂ ಸುತ್ತಲೂ ತಿರುಗುತ್ತದೆ. “ಒಂದ್ ಬೆರಳಲ್ಲಿ ತಳ್ಳಿ ಮೇಡಂ, ತಾನೇ ಓಡುತ್ತೆ” ಅಂದ. ನಿಜಕ್ಕೂ ಓಡಿತು. ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದರ ಬೆರಳಲ್ಲಿ ಬ್ಯಾಗು. ನೀವು ಹೂಂ ಅಂದರೆ ಶನಿವಾರ ಕೊಳ್ಳುತ್ತೇನೆ.

ಸ್ವಲ್ಪ ಪುಕಪುಕ ಇದೆ. ಸ್ವಲ್ಪವೇ.

ನಿಮ್ಮ ಬೆಂಕಿಪೊಟ್ಟಣ


ಮಾರ್ಚ್ 9

ಬೆಂಕಿಪೊಟ್ಟಣ,

ನಾಲ್ಕು ಚಕ್ರದ್ದು ಬೇಡ. ಎರಡು ಚಕ್ರದ್ದನ್ನೇ ತೊಗೋ. ಎರಡು ಚಕ್ರದ್ದು ನಿಲ್ಲಿಸಿದರೆ ನಿಂತಲ್ಲೇ ನಿಲ್ಲುತ್ತದೆ, ಎಳೆದರೆ ಮಾತ್ರ ಬರುತ್ತದೆ. ಹಿಡಿ ನಿನ್ನ ಸೊಂಟದ ತನಕ ಬರಲಿ. ಮುಂದುಗಡೆ ಜಿಪ್ಪಿನ ಖಾನೆ ಇರಲಿ, ಆದರೆ ಕಾಗದಪತ್ರ ಅದರಲ್ಲಿ ಇಡಬೇಡ. ಪೆಟ್ಟಿಗೆಯ ಮುಚ್ಚಳದ ಚೀಲದಲ್ಲೂ ಇಡಬೇಡ. ಪಾಸ್‌ಪೋರ್ಟು, ಸಂಸ್ಥೆಯ ಪತ್ರ, ಆಸ್ಪತ್ರೆಯ ನಂಬರು, ಎಲ್ಲ ಕೊರಳಿಗೆ ಹಾಕಿಕೊಂಡು ಅಂಗಿಯೊಳಗೆ ಇಟ್ಟುಕೋ. ಒಂದು ಜೊತೆ ಬಟ್ಟೆ ಸಾಕು. ಇನ್ನೂ ಸರಿಯಾಗಿ ಹೇಳಬೇಕೆಂದರೆ ಬೆನ್ನಿಗೆ ಹಾಕುವ ಚೀಲವೇ ಒಳ್ಳೆಯದು.

ಇನ್ನೂ ಸರಿಯಾಗಿ ಹೇಳಬೇಕೆಂದರೆ, ಹೋಗಲೇಬೇಕೇ? ಕಣ್ಣಿಗೆ ಸಂಬಂಧಪಟ್ಟ ಕೆಲಸ ಮಾಡುವವಳು, ಕಣ್ಣುಪರೀಕ್ಷೆಯ ಶಿಬಿರಗಳಲ್ಲಿ ಸೇವೆ ಮಾಡಬಹುದಲ್ಲ. ಯೋಚನೆ ಮಾಡು.

ಮಾವ


ಮಾರ್ಚ್ 14

ಮಾವ,

ನಿಮ್ಮ ಕಾಗದ ಓದಿ ಮೈ ಉರಿಯಿತು. ಹದಿನಾಲ್ಕು ಸಲ ಹೋಗಿ ಬಂದವರು ನೀವು. ನಾನು ಒಂದು ಸಲ ಹೋಗುತ್ತೇನೆಂದರೆ ಕಣ್ಣುಪರೀಕ್ಷೆಯ ಶಿಬಿರವಂತೆ! ಚಿಕ್ಕವಳಿದ್ದಾಗ ಸೈಕಲ್ ಕಲಿಯುವಾಗಲೂ ಹಿಂದೆ ಹಿಡಿದುಕೊಂಡೇ ಓಡುತ್ತಿದ್ದಿರಿ, ನನಗೀಗ ನಲವತ್ತೊಂದು. ಇವಳ ಕೈಲಾಗದು ಎಂದು ಮನೆಯವರೆಲ್ಲ ತಿಳಿದಿರುವುದು ಗೊತ್ತು. ನೀವೂ ಆ ಸಾಲಿಗೆ ಸೇರಿಕೊಂಡಿರಿ.

ಕೆಂಪು ಬ್ಯಾಗನ್ನು ಶನಿವಾರವೇ ಕೊಂಡೆ. ನಾಲ್ಕು ಚಕ್ರದ್ದು. ಬಿಲ್ಲು ಇದೆ, ವಾಪಸ್ಸು ಕೊಡುವ ಯೋಚನೆ ಇಲ್ಲ. ಮನೆಯ ನಡುಮನೆಯಲ್ಲಿ ಓಡಿಸಿ ಅಭ್ಯಾಸ ಮಾಡುತ್ತಿದ್ದೇನೆ, ಪೆಟ್ಟಿಗೆಯ ಬದಲಿಗೆ ಅಕ್ಕಿಡಬ್ಬ ಹಿಡಿದುಕೊಂಡು. ನಿಮ್ಮ ಅಳಿಯಂದಿರು ನಕ್ಕರು. ನಾನು ನಗಲಿಲ್ಲ.

ನೀವು ಮಂಡಿನೋವು ಅಂತ ಬಿಟ್ಟ ಕೆಲಸ ನನಗೆ ಸಿಕ್ಕಿದ್ದು ನಿಮಗೆ ಹೊಟ್ಟೆಕಿಚ್ಚೇ? ಹಾಗಿದ್ದರೆ ಹಾಗೇ ಹೇಳಿ.

ಅಕ್ಕನ ಮಗಳು


ಮಾರ್ಚ್ 19

ಮರೀ,

ನನಗೆ ಮಂಡಿನೋವು ಇರಲಿಲ್ಲ.

ಇದನ್ನು ನಿನ್ನ ಅಮ್ಮನಿಗೆ ತೋರಿಸಬೇಡ. ಓದಿ ನಿನಗೆ ನನ್ನ ಮೇಲೆ ಅಸಹ್ಯ ಬಂದರೂ ಪರವಾಗಿಲ್ಲ, ಆ ಕೆಂಪು ಬ್ಯಾಗು ಮಾತ್ರ ಹಿಡಿದುಕೊಂಡು ಹೋಗಬೇಡ.

ಹನ್ನೊಂದು ವರ್ಷದ ಹಿಂದಿನ ಮಾತು. ಹದಿನಾಲ್ಕನೆಯ ಪ್ರಯಾಣ. ನಡುವೆ ಒಂದು ದೊಡ್ಡ ನಿಲ್ದಾಣದಲ್ಲಿ ವಿಮಾನ ಬದಲಿಸಬೇಕಿತ್ತು. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗುವ ಉದ್ದನೆಯ ಇಳಿಜಾರು, ಒಂದು ಪಕ್ಕಕ್ಕೆ ಗಾಜಿನ ಗೋಡೆ. ಮಧ್ಯಾಹ್ನ ಎರಡು ಗಂಟೆ ಆಗಿತ್ತು. ಉಷ್ಣತೆ ಬರೆಯಬೇಕೆಂದು ಪೆಟ್ಟಿಗೆಯನ್ನು ಬೆಂಚಿನ ಮೇಲಿಟ್ಟು ಕೂತೆ. ಐದು ಡಿಗ್ರಿ ಎಂದು ಬರೆದೆ. ತಲೆ ಎತ್ತಿದರೆ ಪಕ್ಕದಲ್ಲಿ ನಿಲ್ಲಿಸಿದ್ದ ನನ್ನ ಬ್ಯಾಗು ಇಲ್ಲ. ಹೊಸದು, ನಾಲ್ಕು ಚಕ್ರದ್ದು, ನನಗೂ ಅಂಗಡಿಯವನು ತಾನೇ ಓಡುತ್ತದೆ ಎಂದೇ ಹೇಳಿದ್ದ. ಅದು ಇಳಿಜಾರಿನಲ್ಲಿ ಉರುಳಿಕೊಂಡು ಹೋಗುತ್ತಿತ್ತು, ಮೊದಲು ನಿಧಾನವಾಗಿ, ಆಮೇಲೆ ಜೋರಾಗಿ. ಕೆಳಗೆ ಎಸ್ಕಲೇಟರ್. ಅದರ ಬಾಯಲ್ಲೇ ಒಬ್ಬಳು ಹೆಂಗಸು ಎಳೆಕೂಸನ್ನು ಎತ್ತಿಕೊಂಡು ನಿಂತಿದ್ದಳು. ನಾನು ಓಡಿದೆ. ಪೆಟ್ಟಿಗೆ ಎತ್ತಿಕೊಳ್ಳಬೇಕೆಂದು ಆ ಹೊತ್ತಿಗೆ ಹೊಳೆಯಲೇ ಇಲ್ಲ. ಬ್ಯಾಗು ಸಿಕ್ಕಿತು, ಆ ತಾಯಿಗೆ ಏನೂ ಆಗಲಿಲ್ಲ.

ತಿರುಗಿ ಹತ್ತಿ ಬರುವಷ್ಟರಲ್ಲಿ ಬೆಂಚಿನ ಸುತ್ತ ಹಳದಿ ಟೇಪು ಕಟ್ಟಿದ್ದರು. ಯಾರೂ ಇಲ್ಲದ ಪೆಟ್ಟಿಗೆ ಎಂದರೆ ಅವರಿಗೆ ಒಂದೇ ಅರ್ಥ. ಜನರನ್ನೆಲ್ಲ ಆಚೆ ಅಟ್ಟುತ್ತಿದ್ದರು. ನಾನು ನನ್ನದು ನನ್ನದು ಎಂದು ಕೂಗಿದೆ. ನನ್ನ ಭಾಷೆ ಅವರಿಗೆ ತಿಳಿಯದು, ಇಂಗ್ಲಿಷು ನನ್ನ ಬಾಯಿಗೆ ಬರಲಿಲ್ಲ. ಪತ್ರವೆಲ್ಲ ಪೆಟ್ಟಿಗೆಯ ಮುಚ್ಚಳದಲ್ಲೇ ಇತ್ತು. ಇಬ್ಬರು ನನ್ನ ತೋಳು ಹಿಡಿದುಕೊಂಡರು. ದಪ್ಪ ಕವಚ ತೊಟ್ಟವರು ಬಂದು ಪೆಟ್ಟಿಗೆಯನ್ನು ಗಾಡಿಯಲ್ಲಿಟ್ಟು ಹೊರಗೆ ಬಯಲಿಗೆ ಒಯ್ದರು. ಗಾಜಿನಾಚೆ ನನಗೆ ಎಲ್ಲ ಕಾಣುತ್ತಿತ್ತು. ಉರಿಬಿಸಿಲು. ಮುಚ್ಚಳ ತೆಗೆದಿಟ್ಟು ದೂರ ಸರಿದು ನಿಂತರು. ಎರಡು ಗಂಟೆಯ ಹೊತ್ತು ಹಾಗೇ ಇತ್ತು.

ಅವಳಿಗೋ ಅವನಿಗೋ, ಆ ಕಡೆ ಮಲಗಿದ್ದವರಿಗೆ ಸ್ವಂತ ಮಜ್ಜೆಯೇ ಉಳಿದಿರಲಿಲ್ಲ. ನಿನಗೂ ಹೇಳಿರುತ್ತಾರೆ, ನಾವು ವಿಮಾನ ಹತ್ತುವ ಹೊತ್ತಿಗೆ ರೋಗಿಯ ಮಜ್ಜೆಯನ್ನೆಲ್ಲ ಔಷಧ ಕೊಟ್ಟು ಸಾಯಿಸಿರುತ್ತಾರೆ. ಹಿಂದಕ್ಕೆ ದಾರಿಯಿಲ್ಲ. ಆ ಬಯಲಲ್ಲಿ ಬಾಯಿ ತೆರೆದುಕೊಂಡು ಕೂತಿದ್ದ ಪೆಟ್ಟಿಗೆಯೊಂದೇ ಅವರಿಗಿದ್ದ ದಾರಿ.

ಮುಚ್ಚಳದಲ್ಲಿದ್ದ ಪತ್ರ ಓದಿ ಪೆಟ್ಟಿಗೆ ವಾಪಸ್ಸು ಕೊಟ್ಟಾಗ ಹತ್ತೊಂಬತ್ತು ಡಿಗ್ರಿ ಇತ್ತು. ಮುಚ್ಚಳ ಬಿಗಿದು ಮಡಿಲಲ್ಲಿಟ್ಟುಕೊಂಡು ಮುಂದಿನ ವಿಮಾನ ಹತ್ತಿದೆ. ಉಷ್ಣತೆ ಇಳಿಯುತ್ತಾ ಇಳಿಯುತ್ತಾ ಆರಕ್ಕೆ ಬಂತು. ಆಮೇಲೆ ಪೆನ್ನು ತೆಗೆದೆ. ಮೂರು ಗಂಟೆಗೆ ಐದು ಎಂದು ಬರೆದೆ. ನಾಲ್ಕಕ್ಕೆ ಐದು. ಐದಕ್ಕೆ ಆರು. ಆರಕ್ಕೆ ಆರು. ಮೂವತ್ತು ವರ್ಷ ಬಸ್ ಡಿಪೋದಲ್ಲಿ ವೇಳಾಪಟ್ಟಿ ಬರೆದವನು, ಒಂದು ನಿಮಿಷ ಹೆಚ್ಚುಕಮ್ಮಿ ಆದರೆ ಡ್ರೈವರುಗಳ ಬೆವರಿಳಿಸಿದವನು, ನಾಲ್ಕು ಗಂಟೆಗಳನ್ನು ಕೈಯಾರೆ ಕಟ್ಟಿ ಬರೆದೆ. ಆಸ್ಪತ್ರೆಯ ನರ್ಸು “ಎಲ್ಲ ಸರಿ ಇತ್ತಾ?” ಎಂದು ಕೇಳಿದಳು. ಸರಿ ಇತ್ತು ಎಂದೆ. ವಿಮಾನ ತಡವಾಯಿತು ಎಂದೆ. ಅವಳು ನಗುತ್ತಾ ಸಹಿ ಹಾಕಿಸಿಕೊಂಡು ಪೆಟ್ಟಿಗೆ ಒಳಗೆ ಒಯ್ದಳು.

ಬೈಸಿಕೊಳ್ಳುತ್ತೇನೆಂಬ ಹೆದರಿಕೆ ಮರೀ, ಬೇರೆ ಏನೂ ಅಲ್ಲ. ಆ ರೋಗಿ ಏನಾದರು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ, ನಮ್ಮಂಥವರಿಗೆ ಹೇಳುವುದೂ ಇಲ್ಲ. ಅಕ್ಕ ಹದಿನಾಲ್ಕು ಎಂದಾಗಲೆಲ್ಲ ನನಗೆ ನಿಂತ ನೆಲ ಕುಸಿದಂತಾಗುತ್ತದೆ.

ಹೊಟ್ಟೆಕಿಚ್ಚಲ್ಲ. ಬ್ಯಾಗು ಬದಲಿಸು.

ಮಾವ


ಮಾರ್ಚ್ 24

ಮಾವ,

ಮೂರು ಸಲ ಬರೆದು ಹರಿದು ಹಾಕಿದೆ.

ಕೆಂಪು ಬ್ಯಾಗು ವಾಪಸ್ಸು ಕೊಟ್ಟೆ. ಈಗ ಕಪ್ಪನೆಯದು, ಎರಡು ಚಕ್ರದ್ದು. ಅಂಗಡಿಯ ಮುಂದಿನ ಇಳಿಜಾರಿನಲ್ಲಿ ನಿಲ್ಲಿಸಿ ಹತ್ತು ನಿಮಿಷ ಕಾದು ನೋಡಿದೆ. ಅಲುಗಲಿಲ್ಲ. ಅಂಗಡಿಯವನು ನನಗೆ ತಲೆ ಕೆಟ್ಟಿದೆ ಎಂದುಕೊಂಡ. ಪತ್ರಗಳಿಗೆ ಕೊರಳಚೀಲ ಹೊಲಿದುಕೊಂಡೆ.

ಸುಳ್ಳು ಹೇಳಿದ್ದೆ, ಪುಕಪುಕ ಸ್ವಲ್ಪ ಅಲ್ಲ. ಕೆಲಸದಲ್ಲಿ ನಿನ್ನೆ ಎರಡು ಗಾಜು ಒಡೆದೆ. ಬರುವುದಿಲ್ಲ ಎಂದು ಸಂಸ್ಥೆಗೆ ಹೇಳಿಬಿಡೋಣವೆಂದು ಫೋನು ಕೈಗೆತ್ತಿಕೊಂಡೆ. ಅಷ್ಟರಲ್ಲಿ ಆ ಕಡೆ ಔಷಧ ಕೊಡಲು ಶುರು ಮಾಡಿದ್ದಾರೆಂದು ಅವರದ್ದೇ ಸಂದೇಶ ಬಂತು. ಈಗ ನನಗೂ ಹಿಂದಕ್ಕೆ ದಾರಿಯಿಲ್ಲ.

ನಿಮ್ಮನ್ನು ಅಸಹ್ಯಪಟ್ಟುಕೊಂಡಿಲ್ಲ. ಹೆದರಿದ್ದೇನೆ, ಅಷ್ಟೇ. ತಲುಪಿದ ಕೂಡಲೇ ಬರೆಯುತ್ತೇನೆ, ಗಂಟೆ ಗಂಟೆಯ ಲೆಕ್ಕ ಕೊಡುತ್ತೇನೆ.

ಬೆಂಕಿಪೊಟ್ಟಣ


ಮಾರ್ಚ್ 29

ಪ್ರೀತಿಯ ಮಾವ,

ತಲುಪಿದೆ. ಪೆಟ್ಟಿಗೆಯೂ ತಲುಪಿತು. ಲಾಡ್ಜಿನ ಕಿಟಕಿಯ ಪಕ್ಕ ಕೂತು ಬರೆಯುತ್ತಿದ್ದೇನೆ.

ಮಾತು ಕೊಟ್ಟ ಹಾಗೆ ಲೆಕ್ಕ. ಬೆಳಿಗ್ಗೆ ಹತ್ತಕ್ಕೆ ಪೆಟ್ಟಿಗೆ ಕೈಗೆ ಬಂತು, ನಾಲ್ಕು ಡಿಗ್ರಿ. ಹನ್ನೊಂದಕ್ಕೆ ಟ್ಯಾಕ್ಸಿಯಲ್ಲಿ, ನಾಲ್ಕು. ಹನ್ನೆರಡಕ್ಕೆ ನಿಲ್ದಾಣದಲ್ಲಿ, ಐದು. ಒಂದಕ್ಕೆ ಐದು. ಶೌಚಾಲಯಕ್ಕೆ ಹೋಗಬೇಕಾಯಿತು, ಪೆಟ್ಟಿಗೆಯನ್ನೂ ಒಳಗೆ ಕರೆದುಕೊಂಡು ಹೋದೆ, ಬ್ಯಾಗನ್ನು ಬಾಗಿಲಾಚೆ ಬಿಟ್ಟೆ. ಕಳ್ಳತನವಾದರೆ ಆಗಲಿ ಅನಿಸಿತು. ಎರಡಕ್ಕೆ ತಪಾಸಣೆಯ ಸಾಲಿನಲ್ಲಿ ನಿಂತಿದ್ದೆ, ಐದು. ನಾಲ್ಕಕ್ಕೆ ವಿಮಾನದಲ್ಲಿ, ಆರು. ಐದಕ್ಕೆ ಐದು. ಪಕ್ಕದ ಸೀಟಿನ ಅಜ್ಜ ಊಟ ಇದೆಯಾ ಅದರಲ್ಲಿ ಎಂದು ಕೇಳಿದರು. ಹೌದು, ಒಬ್ಬರಿಗೆ ಎಂದೆ. ಆರಕ್ಕೆ ಐದು. ಏಳಕ್ಕೆ ಐದು. ಎಂಟಕ್ಕೆ ಆಸ್ಪತ್ರೆಯ ಬಾಗಿಲಲ್ಲಿ, ಐದು.

ಬ್ಯಾಗು ಎಲ್ಲೂ ಓಡಿಹೋಗಲಿಲ್ಲ. ಎಳೆದಲ್ಲಿ ಬಂತು, ಬಿಟ್ಟಲ್ಲಿ ನಿಂತಿತು. ನೀವಿನ್ನು ನೆಮ್ಮದಿಯಾಗಿರಿ.

ಬೆಂಕಿಪೊಟ್ಟಣ


ಏಪ್ರಿಲ್ 4

ಮರೀ,

ಮೂರು ಗಂಟೆ ಎಲ್ಲಿ?

ಎರಡಕ್ಕೆ ತಪಾಸಣೆ, ನಾಲ್ಕಕ್ಕೆ ವಿಮಾನ. ಮೂರು ಗಂಟೆಯ ಸಾಲೇ ನಿನ್ನ ಕಾಗದದಲ್ಲಿ ಇಲ್ಲ. ಮರೆತೆ ಎನ್ನಬೇಡ. ಅರ್ಧ ಮಿಲಿಮೀಟರಿಗೆ ಜಗಳವಾಡುವವಳು ಒಂದು ಗಂಟೆ ಮರೆಯುವುದಿಲ್ಲ. ತಪಾಸಣೆಯಲ್ಲಿ ಏನೋ ಆಗಿದೆ. ಪೆಟ್ಟಿಗೆ ನಿನ್ನ ಕಣ್ಣಿಂದ ಮರೆಯಾಗಿದೆ. ಹಾಳೆಯಲ್ಲಿ ಆ ಜಾಗಕ್ಕೆ ಏನು ಬರೆದೆ? ಐದು ಅಂತ ಬರೆದೆಯಾ?

ನಾನೇ ಹೇಳಿಕೊಟ್ಟ ಹಾಗಾಯಿತು. ಹೇಗೆ ಬರೆದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಪತ್ರ ಬರೆದು ಹೇಳಿಕೊಟ್ಟೆ.

ಫೋನು ನನ್ನ ಕಿವಿಗೆ ಆಗದು, ಈ ಕಾಗದ ನಿನ್ನ ಕೈ ಸೇರಲು ಐದು ದಿನ ಬೇಕು. ಆ ರೋಗಿಗೆ ಐದು ದಿನ ಕಡಿಮೆಯಲ್ಲ. ವೈದ್ಯರಿಗೆ ಈಗಲೇ ಗೊತ್ತಾದರೆ ಕಣ್ಣಿಟ್ಟು ಕಾಯುತ್ತಾರೆ, ಬೇಕಾದರೆ ದಾನಿಯನ್ನು ಮತ್ತೆ ಕರೆಸುತ್ತಾರೆ. ನಿನ್ನನ್ನು ಕೇಳುತ್ತಾ ಕೂರುವಷ್ಟು ವ್ಯವಧಾನವಿಲ್ಲ. ನಾಳೆ ಬೆಳಿಗ್ಗೆ ಸಂಸ್ಥೆಯ ಕಚೇರಿಗೆ ಹೋಗಿ ನಾನೇ ಹೇಳುತ್ತೇನೆ. ನಿನ್ನನ್ನು ಕೆಲಸದಿಂದ ತೆಗೆಯಬಹುದು. ಜನ್ಮಪೂರ್ತಿ ನನ್ನ ಜೊತೆ ಮಾತು ಬಿಡಬಹುದು ನೀನು. ಬಿಡು.

ಮಾವ


ಏಪ್ರಿಲ್ 5

ಮರೀ,

ಹೋಗಿದ್ದೆ. ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಕೂತಿದ್ದೆ. ಎದೆ ಎಷ್ಟು ಹೊಡೆದುಕೊಳ್ಳುತ್ತಿತ್ತೆಂದರೆ ಕೆಟ್ಟ ಕಿವಿಗೂ ಅದು ಕೇಳಿಸುತ್ತಿತ್ತು.

ಪ್ರಯಾಣಗಳನ್ನು ನೋಡಿಕೊಳ್ಳುವ ಅಧಿಕಾರಿ ಈಗ ಒಬ್ಬ ಹೆಂಗಸು, ನಿನ್ನ ವಯಸ್ಸಿನವರು. ಕುರ್ಚಿ ತೋರಿಸಿದರು, ನಾನು ಕೂರಲಿಲ್ಲ. ಕೂತರೆ ಧೈರ್ಯ ಹೋಗುತ್ತದೆಂದು ನಿಂತೇ ಶುರುಮಾಡಿದೆ. “ಅಮ್ಮಾ, ನಮ್ಮಕ್ಕನ ಮಗಳು ಮೊನ್ನೆ ಪೆಟ್ಟಿಗೆ ತಂದ್ಲಲ್ಲ, ಅದರಲ್ಲಿ ಮಧ್ಯಾಹ್ನ ಮೂರು ಗಂಟೆಯ ಲೆಕ್ಕ ಸುಳ್ಳು. ಅವಳನ್ನ ಬಯ್ಯಬೇಡಿ. ಅವಳಿಗೆ ದಾರಿ ತೋರಿಸಿದ್ದೇ ನಾನು. ಹನ್ನೊಂದು ವರ್ಷದ ಹಿಂದೆ ನಾನೂ ಹಾಗೇ ಮಾಡಿದ್ದೆ, ನಾಲ್ಕು ಗಂಟೆ ಸುಳ್ಳು ಬರೆದಿದ್ದೆ.” ಒಂದೇ ಉಸಿರಿಗೆ ಹೇಳಿ ಮುಗಿಸಿದೆ.

ಆಕೆ ನನ್ನ ಕಿವಿಯ ಹತ್ತಿರ ಬಂದು ಜೋರಾಗಿ ಹೇಳಿದರು. “ಒಂದ್ನಿಮಿಷ ಸರ್. ಅವರು ಸುಳ್ಳು ಬರೆದಿಲ್ಲ. ತಪಾಸಣೆಯವರು ಪೆಟ್ಟಿಗೆ ಒಳಗೆ ತೊಗೊಂಡು ಹೋಗಿದ್ರು, ನಲವತ್ತು ನಿಮಿಷ ನಾನು ನೋಡಿಲ್ಲ ಅಂತ ಆಸ್ಪತ್ರೆಯಲ್ಲಿ ಪೆಟ್ಟಿಗೆ ಕೊಡುವಾಗಲೇ ಹೇಳಿದ್ದಾರೆ. ನಮಗೆ ಅವತ್ತೇ ತಿಳಿಸಿದ್ರು.” ಆಮೇಲೆ ಪೆನ್ನು ತೆಗೆದುಕೊಂಡು ಕೇಳಿದರು. “ಹನ್ನೊಂದು ವರ್ಷ ಅಂದ್ರಲ್ಲ, ಅದೇನು?”

ಆಗ ಕೂತೆ.

ತಪ್ಪಿಸಿಕೊಳ್ಳಬಹುದಿತ್ತು ಮರೀ, ನಿನಗೆ ಸುಳ್ಳು ಹೇಳುವುದಿಲ್ಲ. ವಯಸ್ಸಾಯಿತು, ಏನೋ ಬಾಯಿತಪ್ಪಿ ಬಂತು ಎಂದಿದ್ದರೆ ಟೀ ಕುಡಿಸಿ ಕಳಿಸುತ್ತಿದ್ದರು. ಆ ಮಾತು ನಾಲಗೆಯ ತುದಿಗೆ ಬಂದಿತ್ತು ಕೂಡ. ಹೇಳಲಿಲ್ಲ. ತಾರೀಖು ಹೇಳಿದೆ, ವಿಮಾನದ ನಂಬರು ಹೇಳಿದೆ. ಮರೆತಿರಲಿಲ್ಲ. ಆಕೆ ಬಯ್ಯಲಿಲ್ಲ. ಬರೆದುಕೊಳ್ಳುತ್ತಾ ಹೋದ ಹಾಗೆ ಮುಖ ಬಿಳಿಚಿತು, ಅದು ಬೈಗುಳಕ್ಕಿಂತ ಕಷ್ಟವಾಯಿತು. ಹಳೆಯ ಕಡತ ತೆಗೆಸಿ, ಆ ಆಸ್ಪತ್ರೆಗೆ ಬರೆದು, ಉತ್ತರ ಅಂಚೆಯಲ್ಲಿ ಕಳಿಸುತ್ತಾರಂತೆ.

ನಿನ್ನ ಮೇಲೆ ಅನುಮಾನಪಟ್ಟಿದ್ದಕ್ಕೆ ನಾಚಿಕೆಯಾಗಿದೆ. ಆದರೆ ಆ ಗಂಟೆಯನ್ನು ನನ್ನಿಂದ ಯಾಕೆ ಮುಚ್ಚಿಟ್ಟೆ?

ಮಾವ


ಏಪ್ರಿಲ್ 10

ಅಯ್ಯೋ ಮಾವ,

ನಿಮ್ಮ ಎರಡೂ ಕಾಗದ ಒಟ್ಟಿಗೆ ಬಂದವು. ಓದುತ್ತಾ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ.

ನೀವು ಹೆದರುತ್ತೀರಿ ಅಂತ ಬರೆಯಲಿಲ್ಲ. ಅಷ್ಟೇ ಕಾರಣ. ತಪಾಸಣೆಯವನು ಪತ್ರ ಓದಲಿಲ್ಲ, ಪೆಟ್ಟಿಗೆ ಎತ್ತಿಕೊಂಡು ಬಾಗಿಲು ಹಾಕಿಕೊಂಡ. ನಾನು ಬಾಗಿಲು ಬಡಿದೆ, ಬೇಡಿಕೊಂಡೆ, ನಮ್ಮ ಭಾಷೆಯಲ್ಲಿ ಬಾಯಿಗೆ ಬಂದಂತೆ ಬೈದೆ. ನಿಮ್ಮ ಆ ಬಯಲು, ಆ ಬಿಸಿಲು ಕಣ್ಣಮುಂದೆಯೇ ಇತ್ತು. ಇದನ್ನೆಲ್ಲ ನಿಮಗೆ ಬರೆದು ಮತ್ತೆ ಆ ಗಾಜಿನ ಹಿಂದೆ ನಿಮ್ಮನ್ನು ನಿಲ್ಲಿಸುವುದು ಬೇಡ ಎನಿಸಿತು.

ಇನ್ನೊಂದು ಹೇಳಬೇಕು. ವಿಮಾನದಲ್ಲಿ ಹಾಳೆ ತೆಗೆದು ಮೂರು ಗಂಟೆಯ ಸಾಲಿನ ಮೇಲೆ ಪೆನ್ನು ಊರಿದ್ದೆ. ಐದು ಎಂದು ಬರೆಯುವುದರಲ್ಲಿದ್ದೆ. ಎರಡಕ್ಕೂ ಐದು, ನಾಲ್ಕಕ್ಕೆ ಆರು, ಯಾರಿಗೆ ತಿಳಿಯುತ್ತಿತ್ತು? ಆಗ ನಿಮ್ಮ ಕಾಗದ ನೆನಪಾಯಿತು. “ನೋಡಲಾಗಲಿಲ್ಲ” ಎಂದು ಬರೆದೆ. ಆಸ್ಪತ್ರೆಯಲ್ಲಿ ಮಜ್ಜೆಯ ಜೀವಕೋಶಗಳನ್ನು ಮೊದಲು ಎಣಿಸಿ ನೋಡಿದರು. ಎರಡು ಗಂಟೆ ಬೆಂಚಿನ ಮೇಲೆ ಕೂತು ಉಗುರು ಕಡಿದೆ. ಚೆನ್ನಾಗಿವೆ ಎಂದರು, ಆಮೇಲೇ ರೋಗಿಗೆ ಹಾಕಿದರು.

ಉತ್ತರ ಬಂದರೆ ಒಬ್ಬರೇ ಒಡೆಯಬೇಡಿ. ನಾನು ಬರುತ್ತೇನೆ.

ಬೆಂಕಿಪೊಟ್ಟಣ


ಏಪ್ರಿಲ್ 26

ಮರೀ,

ಕ್ಷಮಿಸು, ಉತ್ತರ ನಿನ್ನೆ ಬಂತು, ತಡೆಯಲಾಗದೆ ಒಡೆದೆ.

ನನ್ನ ಹಾಳೆಯಲ್ಲಿ ಎಲ್ಲ ಸರಿ ಎಂದಿದ್ದರಿಂದ ಎಣಿಸಿ ನೋಡಲು ಕಾಯದೆ ಅಂದೇ ಹಾಕಿದರಂತೆ. ಆ ಮಜ್ಜೆ ಮೈಗೆ ಹಿಡಿಯಲಿಲ್ಲ. ಯಾಕೆ ಹಿಡಿಯುತ್ತಿಲ್ಲ ಎಂದು ಯಾರಿಗೂ ತಿಳಿಯಲಿಲ್ಲ. ಇಪ್ಪತ್ತಾರು ದಿನ ಕಾದರು, ರೋಗಿ ಜ್ವರದಲ್ಲಿ, ಗಾಜಿನ ಕೋಣೆಯಲ್ಲಿ. ಆಮೇಲೆ ದಾನಿಯನ್ನು ಮತ್ತೆ ಕರೆಸಿದರು, ಆತ ಎರಡನೆಯ ಸಲ ಸೂಜಿಗೆ ಮೈಯೊಡ್ಡಿದ. ಅದು ಹಿಡಿಯಿತು. ರೋಗಿ ಬದುಕಿದ್ದಾರೆ. ಆಗ ಅವಳಿಗೆ ಒಂಬತ್ತು ವರ್ಷ.

ಬದುಕಿದ್ದಾರೆ ಎಂಬಲ್ಲಿ ಅತ್ತುಬಿಟ್ಟೆ. ಆಮೇಲೆ ಇಪ್ಪತ್ತಾರು ದಿನ ಎಂಬುದನ್ನು ಮತ್ತೆ ಓದಿದೆ, ಅಳು ನಿಂತುಹೋಯಿತು. ನಾನು ಆಸ್ಪತ್ರೆಯ ಬಾಗಿಲಲ್ಲೇ ಒಂದು ಮಾತು ಹೇಳಿದ್ದರೆ ಆ ಕೂಸು ಇಷ್ಟು ನರಳಬೇಕಾಗಿರಲಿಲ್ಲ.

ಜೊತೆಗೆ ಒಂದು ಚಿಕ್ಕ ಫಾರಂ ಇಟ್ಟಿದ್ದಾರೆ. ಈ ವಿಷಯವನ್ನು ರೋಗಿಗೆ ತಿಳಿಸಲೇಬೇಕಂತೆ, ಅದು ನಿಯಮ. ಅವಳೀಗ ಇಪ್ಪತ್ತರ ಹುಡುಗಿ. ಪೆಟ್ಟಿಗೆ ತಂದವರು ಯಾರು ಎಂದು ಅವಳು ಕೇಳಿದರೆ ನನ್ನ ಹೆಸರು, ವಿಳಾಸ ಕೊಡಬಹುದೇ ಎಂದು ಕೇಳಿದ್ದಾರೆ. ಹೌದು, ಇಲ್ಲ, ಎರಡು ಚೌಕ. ಇಲ್ಲ ಎಂದರೂ ತಪ್ಪೇನಿಲ್ಲ ಎಂದು ಕೆಳಗೆ ಬರೆದಿದ್ದಾರೆ.

ಹೌದು ಎನ್ನುವುದಕ್ಕೆ ಗುರುತು ಹಾಕಿದೆ. ಮನಸ್ಸು ಬದಲಾಗುವ ಮೊದಲೇ ಹೋಗಿ ಅಂಚೆಗೆ ಹಾಕಿ ಬಂದೆ, ಆಮೇಲೆ ನಿನಗೆ ಬರೆಯಲು ಕೂತೆ.

ಬಾಗಿಲು ಸದ್ದಾದರೆ ಈಗಿನಿಂದಲೇ ಎದ್ದು ಹೋಗಿ ನೋಡುತ್ತಿದ್ದೇನೆ. ಅವಳು ಬಂದು ಎದುರಿಗೆ ಕೂತರೆ ಮೊದಲ ಮಾತು ಏನು ಆಡಲಿ ಮರೀ? ನಿನಗೇನಾದರೂ ಹೊಳೆದರೆ ಬೇಗ ಬರೆ.

ಮಾವ